ಮುಳುಗಿದ ಊರನ್ನು ಮೊದಲು ದಡದಲ್ಲೇ ಹುಡುಕಬೇಕು

ಬೇಸಿಗೆ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಸರ್, ಗೊರೂರು ಡ್ಯಾಮ್ ಒಳಗೆ ಊರುಗಳೇ ಇವೆಯಂತೆ, ಸ್ಕೂಬಾ ಹಾಕ್ಕೊಂಡು ಇಳಿದ್ರೆ ಕಾಣುತ್ತಾ?" ಕೇಳುವವರು ಹೆಚ್ಚಾಗಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಂದೆರಡು ಸಲ ಡೈವ್ ಮಾಡಿ ಬಂದವರು. ಅಲ್ಲಿ ಹವಳ ನೋಡಿದ್ದಾರೆ, ಬಣ್ಣದ ಮೀನು ನೋಡಿದ್ದಾರೆ, ನೀರು ತಿಳಿಯಾಗಿತ್ತು. ಹಾಗಾಗಿ ಇಲ್ಲೂ ನೀರೊಳಗೆ ಬೀದಿ, ಬೀದಿಯ ಎರಡೂ ಕಡೆ ಮನೆ, ತುದಿಯಲ್ಲೊಂದು ಗುಡಿ ಇರುತ್ತದೆ, ನಾವು ಮೇಲಿನಿಂದ ತೇಲಿಕೊಂಡು ನೋಡುತ್ತಾ ಹೋಗಬಹುದು ಅಂದುಕೊಂಡಿರುತ್ತಾರೆ.

ಹಾಗಿಲ್ಲ. ನಾನು ಹಾಸನದವನು, ಹದಿನಾಲ್ಕು ವರ್ಷದಿಂದ ಡೈವಿಂಗ್ ನನ್ನ ಹೊಟ್ಟೆಪಾಡು. ಸಮುದ್ರದಲ್ಲಿ ಕಲಿಸುತ್ತೇನೆ, ಉಳಿದ ದಿನ ಕೆರೆ, ಹಿನ್ನೀರಿನಲ್ಲಿ ಮುಳುಗಿದ ಪಂಪು, ಮೋಟಾರು ಎತ್ತುವ ಕೆಲಸ. ಅನುಮತಿ ತೆಗೆದುಕೊಂಡು ಮುಳುಗಡೆ ಊರುಗಳನ್ನು ಹುಡುಕುವುದು ಈಚಿನ ಆರು ವರ್ಷದ್ದು. ಇದರಲ್ಲಿ ಕಲಿತ ದೊಡ್ಡ ವಿಷಯ ಒಂದೇ: ಹುಡುಕುವ ಕೆಲಸದ ಮುಕ್ಕಾಲು ಪಾಲು ದಡದ ಮೇಲೆ ಆಗುತ್ತದೆ, ನೀರಿಗೆ ಇಳಿಯುವುದು ಕೊನೆಗೆ.

ಮೊದಲು ಕೆಳಗೆ ಏನು ಉಳಿದಿರುತ್ತದೆ ಅಂತ ತಿಳಿದುಕೊಳ್ಳಿ. ಗೊರೂರಿನ ಈ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಪೂರ್ತಿ ತುಂಬಿದಾಗ ನೀರಿನ ಮಟ್ಟ 2,922 ಅಡಿ, ಹಿಡಿಸುವುದು 37.10 ಟಿಎಂಸಿ. ಊರು ಬಿಟ್ಟು ಹೊರಟ ಜನ ಬರಿಗೈಯಲ್ಲಿ ಹೋಗಲಿಲ್ಲ. ಹೆಂಚು ಇಳಿಸಿದರು, ಜಂತೆ, ತೊಲೆ, ಬಾಗಿಲು, ಕಿಟಕಿ ಬಿಚ್ಚಿ ಗಾಡಿಗೆ ಹಾಕಿದರು. ಹೊಸ ಜಾಗದಲ್ಲಿ ಮನೆ ಕಟ್ಟಬೇಕಲ್ವಾ. ಉಳಿದ ಮಣ್ಣಿನ ಗೋಡೆ ಒಂದೆರಡು ಮಳೆಗಾಲಕ್ಕೇ ಕರಗಿ ಹೋಯಿತು. ಹಾಗಾಗಿ ನೀರೊಳಗೆ ಸಿಗುವುದು ಹೆಚ್ಚಾಗಿ ಕಲ್ಲೇ. ಮನೆಯ ಪಾಯ, ಜಗಲಿಯ ಅಂಚುಗಲ್ಲು, ಬಾವಿಕಟ್ಟೆ, ಒರಳುಕಲ್ಲು, ಬಟ್ಟೆ ಒಗೆಯುವ ಕಲ್ಲು, ಅರಳಿಕಟ್ಟೆ, ಕೆಲವು ಕಡೆ ವೀರಗಲ್ಲು. ಅದೂ ಹೂಳಿನಲ್ಲಿ ಅರ್ಧ ಹೂತಿರುತ್ತದೆ.

ಹಾಗಾದರೆ ಇದೇ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಹೇಗೆ ನಿಂತಿದೆ ಅಂತ ಕೇಳುತ್ತೀರಿ. ಅದು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಇಟ್ಟಿಗೆ, ಗಾರೆಯ ದಪ್ಪ ಗೋಡೆ. ಹಿನ್ನೀರು ಏರಿದಾಗ ಅರ್ಧ ಮುಳುಗುತ್ತದೆ, ಇಳಿದಾಗ ನಡೆದುಕೊಂಡೇ ಹೋಗಬಹುದು. ಎಲ್ಲರಿಗೂ ಅದು ಚೆಂದದ ಫೋಟೋ. ನನಗೆ ಮಾತ್ರ ಅಲ್ಲಿ ಹೋದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಯಾಕಂದರೆ ಕಟ್ಟಡಕ್ಕೆ ಯಾವಾಗಲೂ ನೀರಿನಲ್ಲಿ ಇರುವುದಕ್ಕಿಂತ ವರ್ಷ ವರ್ಷ ನೆನೆದು ಒಣಗುವುದೇ ಜಾಸ್ತಿ ಕೆಟ್ಟದ್ದು. ನೆನೆದಾಗ ಗಾರೆ ಸಡಿಲವಾಗುತ್ತದೆ, ಒಣಗುವಾಗ ಉಪ್ಪು ಹೊರಬಂದು ಇಟ್ಟಿಗೆಯ ಮುಖ ಉದುರುತ್ತದೆ, ದಡದ ಅಲೆ ಬುಡವನ್ನು ಕೊರೆಯುತ್ತದೆ. ಆಳದಲ್ಲಿ ಈ ಕಾಟ ಇಲ್ಲ. ಹೂಳಿನ ಒಳಗೆ ಗಾಳಿ ಆಡದ ಜಾಗದಲ್ಲಿ ಮರದ ತುಂಡೂ ಬಹಳ ಕಾಲ ಉಳಿಯುತ್ತದೆ.

ಈಗ ಹುಡುಕುವ ವಿಷಯಕ್ಕೆ ಬರೋಣ. ನಾವು ಕಳೆದ ಎರಡು ವರ್ಷದಿಂದ ಹುಡುಕುತ್ತಿರುವ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಟ್ಯೂಬ್ ಕಟ್ಟಿಕೊಂಡು ಇಳಿಯುತ್ತಾರೆ. ಮೊದಲು ತೆಗೆದದ್ದು ಹಳೆಯ ಗ್ರಾಮ ನಕಾಶೆ. ಅದರಲ್ಲಿ ಸರ್ವೆ ನಂಬರ್, ಗಾಡಿ ದಾರಿ, ಕೆರೆ, ಊರಿನ ಗುಂಪು ಎಲ್ಲಾ ಇರುತ್ತದೆ. ಎರಡನೆಯದು ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್. 1:50,000 ಶೀಟಿನಲ್ಲಿ ಎತ್ತರದ ಗೆರೆಗಳು 20 ಮೀಟರಿಗೆ ಒಂದರಂತೆ ಇರುತ್ತವೆ, ಊರು ಗುಡ್ಡದ ಯಾವ ಮಗ್ಗುಲಲ್ಲಿತ್ತು ಅಂತ ಅದರಿಂದ ಗೊತ್ತಾಗುತ್ತದೆ. ಅಮೆರಿಕದ ಕರೋನಾ ಅನ್ನುವ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳನ್ನು 1995ರಲ್ಲಿ ಬಹಿರಂಗ ಮಾಡಿದರು. ಡ್ಯಾಮ್ ಕಟ್ಟುವ ಮುಂಚಿನ ನೆಲ ಹೇಗಿತ್ತು ಅಂತ ನೋಡಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಆಳದ ಲೆಕ್ಕ ಸುಲಭ. ಜಲಾಶಯದ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ. ಇವತ್ತು 2,905 ಅಡಿ ಇದೆ, ಊರಿನ ನೆಲ 2,860 ಅಡಿಯಲ್ಲಿತ್ತು ಅಂದರೆ ಮೇಲೆ 45 ಅಡಿ, ಅಂದರೆ ಹದಿನಾಲ್ಕು ಮೀಟರಿನಷ್ಟು ನೀರು. ಇದನ್ನು ಮಾಡದೆ ಇಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ನಕಾಶೆ ಊರಿನ ಹತ್ತಿರ ಬಿಡುತ್ತದೆ, ಮನೆಯ ಬಾಗಿಲಿಗೆ ಬಿಡುವುದಿಲ್ಲ. ಅದಕ್ಕೆ ಅಲ್ಲಿ ಬಾಳಿದವರೇ ಬೇಕು. ಮುಳುಗಡೆಯವರಿಗೆ ಕೊಟ್ಟ ಊರಿನಲ್ಲಿ ಒಬ್ಬ ಅಜ್ಜಿ ಸಿಕ್ಕರು. ಎಂಬತ್ತು ದಾಟಿದ್ದಾರೆ, ಹದಿನಾರಕ್ಕೆ ಆ ಊರಿಗೆ ಸೊಸೆಯಾಗಿ ಬಂದವರು. ಅರಳಿಕಟ್ಟೆಯಿಂದ ಬಾವಿ ಎಷ್ಟು ದೂರ ಅಂದರೆ "ಬೋ ಹತ್ರ ಕಣಪ್ಪ" ಅಂದರು. ಎಷ್ಟು ಹೆಜ್ಜೆ ಅಂದರೆ ಗೊತ್ತಿಲ್ಲ. ಆಗ ಅವರ ಮೊಮ್ಮಗಳು ಒಳಗಿಂದ ಒಂದು ಖಾಲಿ ಕೊಡ ತಂದು ಕೈಗೆ ಕೊಟ್ಟಳು. ಅಜ್ಜಿ ಕೊಡವನ್ನು ಸೊಂಟಕ್ಕಿಟ್ಟರು ನೋಡಿ, ಕಾಲು ತಾನಾಗಿಯೇ ನಡೆಯಿತು. ಮನೆ ಮುಂದಿನ ಕಣದಲ್ಲಿ ನೇರ ಹೋದರು, ಒಂದು ಕಡೆ ನಿಂತು ಎಡಕ್ಕೆ ತಿರುಗಿದರು. "ಇಲ್ಲಿ ಪಟೇಲ್ರ ಕೊಟ್ಟಿಗೆ ಬತ್ತದೆ, ಬಳಸ್ಕೊಂಡು ಹೋಗ್ಬೇಕು" ಅಂದರು. ಇನ್ನೊಂದಷ್ಟು ನಡೆದು ಕೊಡ ಇಳಿಸಿದರು. ಟೇಪ್ ಹಿಡಿದು ಅಳೆದೆವು, 41 ಮೀಟರ್. ನಾನು ಬರೆದುಕೊಳ್ಳುತ್ತಿದ್ದಾಗ ಅವರೇ ಹೇಳಿದರು, "ಆಗ ವಯಸ್ಸಿತ್ತು ಮಗ, ಹೆಜ್ಜೆ ಇನ್ನೂ ದೊಡ್ಡದು." ಅದನ್ನೂ ಬರೆದುಕೊಂಡೆ. ಹುಡುಕುವ ಜಾಗವನ್ನು 41ಕ್ಕೆ ನಿಲ್ಲಿಸದೆ 55 ಮೀಟರಿಗೆ ಹಿಗ್ಗಿಸಿದೆವು.

ಇಳಿಯಲು ನಮ್ಮ ಕಡೆ ಜನವರಿ, ಫೆಬ್ರವರಿ ಒಳ್ಳೆಯದು. ಮಲೆನಾಡಿನಲ್ಲಿ ಮಳೆ ಶುರುವಾದರೆ ಬಲ್ಲಾಳರಾಯನ ದುರ್ಗದ ಕಡೆಯಿಂದ ಬರುವ ಹೇಮಾವತಿ, ಬೇಲೂರಿನ ಕಡೆಯಿಂದ ಬರುವ ಯಗಚಿ ಎರಡೂ ಕೆಂಪು ನೀರು ತರುತ್ತವೆ. ಅದು ತಳ ಸೇರಲು ತಿಂಗಳುಗಳೇ ಬೇಕು. ತಳ ಸೇರಿದ ಮೇಲೂ ಕಣ್ಣಿಗೆ ಕಾಣುವುದು ಒಂದು ಮೊಳ, ಎರಡು ಮೊಳ. ಏಳೆಂಟು ಮೀಟರ್ ಕೆಳಗೆ ಹೋದರೆ ಇದ್ದಕ್ಕಿದ್ದಂತೆ ನೀರು ತಣ್ಣಗಾಗುತ್ತದೆ, ಬೆಳಕು ಕಂದು ಬಣ್ಣಕ್ಕೆ ತಿರುಗಿ ಆಮೇಲೆ ಹೋಗಿಯೇ ಬಿಡುತ್ತದೆ. ಟಾರ್ಚ್ ಹಾಕಿದರೆ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ, ಕಣ್ಣ ಮುಂದೆ ಬರೀ ಬಿಳಿ ಗೋಡೆ. ಕಾಲಿಗೆ ಹಾಕುವ ಫಿನ್ ಒಂದು ಸಲ ತಪ್ಪಾಗಿ ಬಡಿದರೆ ಹೂಳು ಎದ್ದು ನಿಮ್ಮ ಕೈ ನಿಮಗೇ ಕಾಣುವುದಿಲ್ಲ.

ಹಾಗಾಗಿ ಹುಡುಕುವುದು ಕಣ್ಣಿನಿಂದಲ್ಲ, ಹಗ್ಗ ಮತ್ತು ಬೆರಳಿನಿಂದ. ಲೆಕ್ಕ ಹಾಕಿದ ಜಾಗದಲ್ಲಿ ಭಾರ ಕಟ್ಟಿದ ಹಗ್ಗ ಇಳಿಬಿಡುತ್ತೇವೆ, ಮೇಲೆ ಗುರುತಿಗೆ ಒಂದು ಖಾಲಿ ಕ್ಯಾನು. ತಳದಲ್ಲಿ ಅದಕ್ಕೆ ಇನ್ನೊಂದು ಹಗ್ಗ ಕಟ್ಟಿ, ಬಿಗಿಯಾಗಿ ಹಿಡಿದುಕೊಂಡು ಒಂದು ಸುತ್ತು ತೆವಳುತ್ತೇವೆ, ಸುತ್ತು ಮುಗಿದರೆ ಒಂದು ಮೀಟರ್ ಹಗ್ಗ ಬಿಟ್ಟು ಮತ್ತೆ ಸುತ್ತು. 10 ಮೀಟರ್ ಹಗ್ಗದಲ್ಲಿ ಒಂದು ಸುತ್ತು ಅಂದರೆ 63 ಮೀಟರ್ ತೆವಳಬೇಕು. ಹಗ್ಗ ಮರದ ಬುಡಕ್ಕೆ ಸಿಕ್ಕಿಕೊಂಡರೆ ಸುತ್ತು ಚಿಕ್ಕದಾಗಿ ಒಂದು ಕಡೆ ಹುಡುಕದೇ ಉಳಿದುಬಿಡುತ್ತದೆ, ಅದಕ್ಕೆ ದಿಕ್ಸೂಚಿ ಕೈಯಲ್ಲೇ ಇರಬೇಕು. ಮೇಲೆ ತೆಪ್ಪದಲ್ಲಿ ಕೂತವನ ಕೈಗೂ ಒಂದು ಹಗ್ಗ. ಎಷ್ಟು ಸಲ ಎಳೆದರೆ ಏನು ಅರ್ಥ ಅಂತ ದಡದಲ್ಲೇ ಮಾತಾಡಿಕೊಂಡಿರುತ್ತೇವೆ. ಸಿಲಿಂಡರಿನ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಮುಗಿದರೆ ವಾಪಸ್, ಕೈಗೆ ಏನೇ ಸಿಕ್ಕಿದ್ದರೂ.

ಅಪಾಯದ ವಿಷಯ. ಮೀನಿನ ಬಲೆ ಮೊದಲನೆಯದು. ಸಣ್ಣ ನೈಲಾನ್ ದಾರದ ಬಲೆ ನೀರಿನಲ್ಲಿ ಕಾಣುವುದೇ ಇಲ್ಲ, ಕಿತ್ತುಹೋದ ಬಲೆಗಳು ಹಳೆ ಮರಗಳಿಗೆ ಸುತ್ತಿಕೊಂಡು ವರ್ಷಗಟ್ಟಲೆ ಹಾಗೇ ಇರುತ್ತವೆ. ಮೂರು ವರ್ಷದ ಹಿಂದೆ 11 ಮೀಟರ್ ಆಳದಲ್ಲಿ ನನ್ನ ಸಿಲಿಂಡರ್ ತಲೆಗೆ ಬಲೆ ಸಿಕ್ಕಿತು. ತಿರುಗಿ ಬಿಡಿಸಿಕೊಳ್ಳೋಣ ಅಂತ ಹೋದೆ, ಅದೇ ತಪ್ಪು, ತಿರುಗಿದಷ್ಟೂ ಸುತ್ತಿಕೊಂಡಿತು. ಜೊತೆಯವನು ಹಗ್ಗ ಹಿಡಿದು ಬಂದು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದ. ಆವತ್ತಿಂದ ನನ್ನ ತಂಡದಲ್ಲಿ ಪ್ರತಿಯೊಬ್ಬರ ಹತ್ತಿರ ಎರಡು ಕತ್ತರಿ, ಎರಡೂ ಕೈಗೆ ಸಿಗುವ ಹಾಗೆ. ನೈಲಾನ್ ಬಲೆಗೆ ಚಾಕುವಿಗಿಂತ ಕತ್ತರಿ ವಾಸಿ.

ತೂಬು, ಗೇಟು, ಪಂಪ್‌ಹೌಸ್ ಕಡೆ ಹೋಗಲೇಬಾರದು. ಒಂದು ಕಿಂಡಿಯ ಈ ಕಡೆ 10 ಮೀಟರ್ ನೀರು ನಿಂತಿದೆ, ಆ ಕಡೆ ಖಾಲಿ ಅಂದುಕೊಳ್ಳಿ. ಆಗ ಒಂದು ಚದರ ಅಡಿ ಜಾಗದ ಮೇಲೆ 900 ಕೆಜಿಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಕೈಯೋ ಕಾಲೋ ಅಲ್ಲಿ ಅಂಟಿಕೊಂಡರೆ ಎಂಥ ಗಟ್ಟಿ ಆಳೂ ಬಿಡಿಸಿಕೊಳ್ಳಲಾರ. ನೀರು ಮೇಲ್ಗಡೆ ಸುಮ್ನೆ ನಿಂತ ಹಾಗೇ ಕಾಣುತ್ತಿರುತ್ತದೆ. ಜಲಾಶಯದಲ್ಲಿ ಇಳಿಯಲು ಅನುಮತಿ ಬೇಕು ಅನ್ನುವುದರ ಹಿಂದಿನ ಕಾರಣ ಇದು.

ಇನ್ನೊಂದು ನಮ್ಮ ಜಿಲ್ಲೆಯವರು ಮರೆಯುವ ವಿಷಯ, ಎತ್ತರ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳುವ ಡೈವಿಂಗ್ ಕೋಷ್ಟಕಗಳು ಸಮುದ್ರ ಮಟ್ಟಕ್ಕೆ ಮಾಡಿದವು. 300 ಮೀಟರಿಗಿಂತ ಮೇಲಿದ್ದರೆ ಲೆಕ್ಕ ಬದಲಾಗುತ್ತದೆ. ಗೊರೂರಿನ ನೀರು ತುಂಬಿದಾಗ ಸುಮಾರು 890 ಮೀಟರ್ ಎತ್ತರದಲ್ಲಿರುತ್ತದೆ, ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ. 90ರಷ್ಟು. ಗೋಲಿ ಸೋಡಾ ಒಡೆದಾಗ ಗುಳ್ಳೆ ಬರುತ್ತದಲ್ಲ, ಮೇಲೆ ಬಂದಾಗ ಮೈಯಲ್ಲಿ ಕರಗಿದ ನೈಟ್ರೋಜನ್ ಕೂಡ ಹಾಗೇ. ಮೇಲಿನ ಒತ್ತಡ ಕಡಿಮೆ ಇದ್ದಷ್ಟೂ ಗುಳ್ಳೆ ಜಾಸ್ತಿ. ಹಾಗಾಗಿ ಇಲ್ಲಿ 18 ಮೀಟರ್ ಇಳಿದರೆ ನಾವು 20 ಮೀಟರ್ ಅಂತಲೇ ಲೆಕ್ಕ ಹಿಡಿಯುತ್ತೇವೆ. ಮಂಗಳೂರಿನಿಂದ ಅದೇ ದಿನ ಘಾಟಿ ಹತ್ತಿ ಬಂದವರ ಮೈಯಲ್ಲಿ ನೈಟ್ರೋಜನ್ ಇಲ್ಲಿನವರಿಗಿಂತ ಜಾಸ್ತಿ ಇರುತ್ತದೆ, ಅವರು ಆಗಲೇ ಒಂದು ಡೈವ್ ಮಾಡಿದವರ ಹಾಗೆ. ಡೈವ್ ಮುಗಿಸಿ ಸಂಜೆ ಮುಳ್ಳಯ್ಯನಗಿರಿಗೆ ಹೋಗೋಣ ಅನ್ನುವವರಿಗೆ ಕೈಮುಗಿದು ಬೇಡ ಅನ್ನುತ್ತೇನೆ, ಅದು 1,930 ಮೀಟರ್. ನೇತ್ರಾಣಿಯಲ್ಲಿ ಇಳಿದು ಅದೇ ಸಂಜೆ ಶಿರಾಡಿ ಹತ್ತಿ ಹಾಸನಕ್ಕೆ ಬರುವುದೂ ತಪ್ಪೇ. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಘಾಟಿಯ ಕೆಳಗೇ ಇರಿ. ರಾತ್ರಿ ಮುರುಡೇಶ್ವರದಲ್ಲೇ ಉಳಿದುಕೊಳ್ಳಿ. ಸಮುದ್ರದಲ್ಲಿ ಕಲಿತವರು ಇಲ್ಲಿ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸವನ್ನು ಎರಡು ಕೆಜಿಯಾದರೂ ಕಡಿಮೆ ಮಾಡಬೇಕು, ಸಿಹಿನೀರು ಅಷ್ಟು ಎತ್ತಿ ಹಿಡಿಯುವುದಿಲ್ಲ.

ಈ ಫೆಬ್ರವರಿಯಲ್ಲಿ ನಾಲ್ಕನೇ ದಿನ, ಏಳನೇ ಸುತ್ತಿನಲ್ಲಿ, ನನ್ನ ಎಡಗೈ ಒಂದು ಸಾಲು ಕಲ್ಲಿಗೆ ತಾಗಿತು. ಸಾಲು ಮೂಲೆ ತಿರುಗಿತು. ಮನೆಯ ಪಾಯ. ಅದನ್ನೇ ಹಿಡಿದು ಹೋದೆ. ಒಳಮೂಲೆಯಲ್ಲಿ ಹೂಳಿನ ಕೆಳಗೆ ದುಂಡನೆ ಅಂಚು, ಅಂಚಿನೊಳಗೆ ನುಣುಪಾದ ಗುಳಿ. ಕೈ ಮಣಿಕಟ್ಟಿನ ತನಕ ಹೋಯಿತು. ಒರಳು. ಗುಳಿಯ ತಳದಲ್ಲಿ ಕಲ್ಲು ಅಂಗೈಯಷ್ಟು ನಯ. ಎಷ್ಟು ವರ್ಷ ರುಬ್ಬಿದ್ದರೆ ಕಲ್ಲು ಹಾಗಾಗುತ್ತದೆ ಅಂತ ಆ ಕತ್ತಲಲ್ಲಿ ನನ್ನ ಗಂಟಲು ಕಟ್ಟಿತು. ಅದನ್ನು ಅಲ್ಲಾಡಿಸಲಿಲ್ಲ. ಎಲ್ಲಿದೆ ಅಂತ ಅಳೆಯದೆ ಎತ್ತಿದರೆ ಅದು ಬರೀ ಕಲ್ಲು. ದ್ವಾರಕೆಯ ಸಮುದ್ರದಲ್ಲಿ ಹುಡುಕಿದ ನಮ್ಮ ಕನ್ನಡದ ಪುರಾತತ್ವಜ್ಞ ಎಸ್. ಆರ್. ರಾವ್ ಅವರ ಕಾಲದಿಂದಲೂ ಮೊದಲ ಕೆಲಸ ಅಳತೆಯೇ. ಮೂಲೆಯಿಂದ ದೂರ, ಗುಳಿಯ ಅಗಲ, ಅಂಚಿನ ದಪ್ಪ ಎಲ್ಲಾ ಗೇಣಿನಲ್ಲಿ ಅಳೆದು, ಸ್ಲೇಟಿನ ಮೇಲೆ ತಡವಿಕೊಂಡು ಬರೆದು ಮೇಲೆ ಬಂದೆ.

ಸಂಜೆ ಅಜ್ಜಿಯ ಮನೆಗೆ ಹೋಗಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. "ಅಂಚು ಪೂರಾ ಇತ್ತಾ, ಎಲ್ಲಾರಾ ಮುಕ್ಕಾಗಿತ್ತಾ?" ಪೂರಾ ಇತ್ತು ಅಂದೆ.

"ಹಂಗಾದ್ರೆ ಅದು ನಮ್ದಲ್ಲ ಮಗ. ನಮ್ಮತ್ತೆ ಹಾರೆ ಬೀಳಿಸಿ ನಮ್ಮೊರಳು ಒಂದು ಕಡೆ ಮುಕ್ಕಾಗಿತ್ತು. ನೀನು ಮುಟ್ಟಿದ್ದು ಪಟೇಲ್ರ ಮನೇದು. ಅವ್ರ ಕೊಟ್ಟಿಗೆ ಬಳಸಿ ಎಡಕ್ಕೆ ಬಾ."

ಮೊಮ್ಮಗಳು ನಕಾಶೆ ಹಾಸಿದಳು. ಪಟೇಲರ ಮನೆಯ ಮೂಲೆ ಈಗ ಗೊತ್ತಿರುವ ಗುರುತು, ಅಲ್ಲಿಂದ ಅಜ್ಜಿ ನಡೆದ ದಾರಿಯನ್ನು ಹೊಸದಾಗಿ ಗೀಚಿದೆವು. ಬಾವಿ ನಾವು ಅಂದುಕೊಂಡದ್ದಕ್ಕಿಂತ 12 ಮೀಟರ್ ಎಡಕ್ಕೆ ಬಂತು. ಮುಂದಿನ ಜನವರಿಯಲ್ಲಿ ನೀರು ತಿಳಿಯಾದ ಮೇಲೆ ಭಾರದ ಹಗ್ಗ ಅಲ್ಲಿ ಇಳಿಬಿಡುತ್ತೇವೆ.