ಬಿತ್ತದೆ ಎದ್ದ ಸಸಿ ಯಾವುದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯ ತಾರಸಿಯ ಕುಂಡಗಳಲ್ಲಿ ನಾನು ಬಿತ್ತದಿರುವ ಸಸಿಗಳು ಎದ್ದಿವೆ. ಕಳೆಯೋ, ತರಕಾರಿಯೋ, ಮರವೋ ತಿಳಿಯುತ್ತಿಲ್ಲ. ಎರಡೇ ಎಲೆ ಇರುವಾಗ ಗುರುತಿಸಲು ಸಾಧ್ಯವೇ? ಕೀಳಬೇಕೋ, ಬಿಡಬೇಕೋ?

ಉತ್ತರ: ಎರಡೇ ಎಲೆ ಇರುವಾಗ ಗುರುತಿಸಲು ಹೊರಡುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಮಣ್ಣಿನಿಂದ ಮೊದಲು ಮೇಲೇಳುವ ಆ ಜೋಡಿ ಎಲೆಗಳು ಬೀಜದೊಳಗೇ ಸಿದ್ಧವಾಗಿದ್ದ ಬೀಜದಳಗಳು. ಗಿಡದ ನಿಜವಾದ ಎಲೆಯ ಆಕಾರಕ್ಕೂ ಅವುಗಳಿಗೂ ಸಾಮಾನ್ಯವಾಗಿ ಹೋಲಿಕೆ ಇರುವುದಿಲ್ಲ. ಟೊಮೆಟೊ, ಮೆಣಸಿನಕಾಯಿ, ಬದನೆ, ಗಣಿಕೆ, ಉಮ್ಮತ್ತಿ ಇವೆಲ್ಲ ಒಂದೇ ಕುಟುಂಬದ ಗಿಡಗಳಾದ್ದರಿಂದ ಮೊದಲ ದಿನಗಳಲ್ಲಿ ಇವನ್ನು ಬೇರ್ಪಡಿಸಲು ಅನುಭವಿಗಳೂ ತಡವರಿಸುತ್ತಾರೆ. ಈ ಹಂತದಲ್ಲಿ ತೆಗೆದ ಫೋಟೊಗೆ ಮೊಬೈಲ್ ಆ್ಯಪ್ ಸೂಚಿಸುವ ಹೆಸರನ್ನು ನಂಬದಿರುವುದು ಒಳ್ಳೆಯದು. ಮೂರನೆಯ, ನಾಲ್ಕನೆಯ ಎಲೆ ಬಿಚ್ಚಿಕೊಳ್ಳುವವರೆಗೆ ಕಾಯಿರಿ.

ಕಾಯುವ ಅವಧಿಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಬೀಜ ಎಲ್ಲಿಂದ ಬಂತು ಎಂಬುದು. ಕುಂಡದ ತುಂಬ ಅಲ್ಲಲ್ಲಿ ಚದುರಿದಂತೆ ಸಸಿಗಳು ಎದ್ದಿದ್ದರೆ ಬೀಜ ಗೊಬ್ಬರದೊಂದಿಗೋ ಮಣ್ಣಿನೊಂದಿಗೋ ಬಂದಿರುವ ಸಾಧ್ಯತೆ ಹೆಚ್ಚು. ಕಾಂಪೋಸ್ಟ್ ರಾಶಿಯ ಒಳಗಿನ ಶಾಖ 55ರಿಂದ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕೆಲವು ದಿನ ಹಾಗೆಯೇ ನಿಂತರೆ ಬಹುತೇಕ ಬೀಜಗಳು ಸಾಯುತ್ತವೆ. ಆದರೆ ಮನೆಯಲ್ಲಿ ಬಕೆಟ್ಟಿನಲ್ಲೋ ಮಡಕೆಯಲ್ಲೋ ಮಾಡುವ ಗೊಬ್ಬರ ಸಾಮಾನ್ಯವಾಗಿ ಅಷ್ಟು ಬಿಸಿಯಾಗುವುದಿಲ್ಲ. ಆದ್ದರಿಂದ ಅಡುಗೆಮನೆಯಿಂದ ಹೋದ ಟೊಮೆಟೊ, ಮೆಣಸಿನಕಾಯಿ, ಕುಂಬಳ, ಪಪ್ಪಾಯಿ ಬೀಜಗಳು ಸುಖವಾಗಿ ಬದುಕಿ ಕುಂಡಕ್ಕೆ ಹಿಂದಿರುಗುತ್ತವೆ. ಕುರಿ ಗೊಬ್ಬರ ಹಾಕಿದ್ದರೆ ಹುಲ್ಲಿನ ಬೀಜಗಳ ಜೊತೆಗೆ ಬಯಲುಸೀಮೆಯ ಬಳ್ಳಾರಿ ಜಾಲಿಯೂ ಬರಬಹುದು. ಒಂದೇ ಕಡೆ ಗುಂಪಾಗಿ ಎದ್ದಿದ್ದರೆ ಅಲ್ಲಿ ಹಣ್ಣೊಂದು ಬಿದ್ದು ಕೊಳೆತಿರಬೇಕು. ಕುಂಡದ ಅಂಚಿನಲ್ಲಿ ಒಂಟಿಯಾಗಿ ಎದ್ದ ಸಸಿಗೆ ಅಲ್ಲಿ ಕುಳಿತು ಹೋದ ಹಕ್ಕಿಯೇ ಕಾರಣವಿರಬಹುದು.

ಕೆಲವು ಗಿಡಗಳು ಮಾತ್ರ ಬೀಜದಳದಲ್ಲೇ ಸಿಕ್ಕಿಬೀಳುತ್ತವೆ. ಕುಂಬಳ ಜಾತಿಯ ಬೀಜದಳಗಳು ದಪ್ಪವಾಗಿ, ಅಗಲವಾಗಿ ಇರುತ್ತವೆ. ಹಲವೊಮ್ಮೆ ಬೀಜದ ಸಿಪ್ಪೆ ಟೊಪ್ಪಿಯಂತೆ ತುದಿಗೆ ಅಂಟಿಕೊಂಡೇ ಮೇಲೆ ಬರುತ್ತದೆ. ಸಾಸಿವೆಯ ಬೀಜದಳದ ತುದಿಯಲ್ಲಿ ಸ್ಪಷ್ಟವಾದ ಕಚ್ಚು ಇರುತ್ತದೆ. ಕೊತ್ತಂಬರಿಯವು ಸಪೂರವಾಗಿ ಉದ್ದವಾಗಿದ್ದು, ಒಂದು ಇಡೀ ಕಾಳಿನೊಳಗೆ ಎರಡು ಬೀಜಗಳಿರುವುದರಿಂದ ಸಸಿಗಳು ಜೋಡಿಯಾಗಿ ಎದ್ದಿರುವುದುಂಟು. ಹುಣಸೆಯ ದಪ್ಪ ಬೀಜದಳಗಳ ನಡುವಿನಿಂದ ಬರುವ ಮೊದಲ ಎಲೆಯೇ ಸಣ್ಣ ಎಸಳುಗಳ ಸಂಯುಕ್ತ ಎಲೆ. ಮಾವು, ಹಲಸು, ತೊಗರಿ, ಕಡಲೆ ಮೊದಲಾದವುಗಳ ಬೀಜದಳಗಳು ಮಣ್ಣಿನೊಳಗೇ ಉಳಿಯುವುದರಿಂದ ಇವುಗಳಲ್ಲಿ ಮೇಲೆ ಕಾಣುವುದೆಲ್ಲ ನಿಜವಾದ ಎಲೆಯೇ. ಸಸಿಗಳು ಹಲವಿದ್ದರೆ ಒಂದನ್ನು ಬೇರುಸಹಿತ ಮೆಲ್ಲನೆ ಎತ್ತಿ ನೋಡಿ. ಬುಡದಲ್ಲಿ ಅಂಟಿರುವ ಬೀಜದ ಸಿಪ್ಪೆ ಎಷ್ಟೋ ಸಲ ಎಲೆಗಿಂತ ಖಚಿತವಾದ ಸಾಕ್ಷಿಯಾಗುತ್ತದೆ.

ಮೂರನೆಯ ಎಲೆ ಬಂದ ಮೇಲೆ ಕಣ್ಣಿನ ಜೊತೆ ಬೆರಳನ್ನೂ ಮೂಗನ್ನೂ ಬಳಸಬೇಕು. ಟೊಮೆಟೊ ಸಸಿಯನ್ನು ಬೆಳಕಿಗೆ ಹಿಡಿದರೆ ಕಾಂಡದ ಮೇಲೆ ಸೂಕ್ಷ್ಮವಾದ ರೋಮ ಕಾಣುತ್ತದೆ. ಎಲೆಯನ್ನು ತಿಕ್ಕಿದ ಬೆರಳಿಗೆ ಅದರ ವಿಶಿಷ್ಟ ವಾಸನೆ ಹತ್ತಿಕೊಳ್ಳುತ್ತದೆ. ನಿಜವಾದ ಎಲೆ ಆರಂಭದಿಂದಲೇ ಸೀಳಿರುತ್ತದೆ. ಮೆಣಸಿನ ಸಸಿ ನುಣುಪು, ಎಲೆಗೆ ಸೀಳಿಲ್ಲ. ಬದನೆಯ ಎಲೆ ಅಗಲವಾಗಿದ್ದು ಮುಟ್ಟಿದರೆ ಮೃದುವಾದ ತುಪ್ಪಳದ ಅನುಭವವಾಗುತ್ತದೆ. ಬದನೆಯೆಂದುಕೊಂಡದ್ದರ ಎಲೆಯನ್ನು ಹಿಸುಕಿದಾಗ ಅಸಹ್ಯವಾದ ವಾಸನೆ ಬಂದರೆ ಅದು ಉಮ್ಮತ್ತಿ ಇರಬಹುದು. ಅದರ ಎಲ್ಲ ಭಾಗಗಳೂ ವಿಷವಾದ್ದರಿಂದ ಕೈ ತೊಳೆದುಕೊಳ್ಳಬೇಕು. ಗುರುತು ಖಚಿತವಾಗದ ಸಸಿಯನ್ನು ರುಚಿ ನೋಡಿ ಪರೀಕ್ಷಿಸುವ ಅಭ್ಯಾಸ ಬೇಡವೇ ಬೇಡ. ಗಣಿಕೆ ಸೊಪ್ಪು ನಮ್ಮ ಅಡುಗೆಗೆ ಹೊಸದಲ್ಲದಿದ್ದರೂ ಅದರ ಹಸಿರು ಕಾಯಿ ತಿನ್ನುವಂಥದ್ದಲ್ಲ.

ಹಕ್ಕಿ ತಂದ ಸಸಿಗಳ ವಿಚಾರ ಬೇರೆಯೇ. ಕಾಂಡ ಗಟ್ಟಿಯಾಗಿದ್ದು, ಎಲೆ ಮುರಿದರೆ ಬಿಳಿ ಹಾಲು ಬರುತ್ತಿದ್ದರೆ ಅರಳಿ, ಆಲ, ಅತ್ತಿಗಳಲ್ಲಿ ಒಂದಾಗಿರಬಹುದು. ಪಪ್ಪಾಯಿಯಲ್ಲೂ ಹಾಲಿದೆ, ಆದರೆ ಅದರ ಕಾಂಡ ಮೆತ್ತಗೆ, ರಸಭರಿತ. ಅರಳಿಯ ಎಲೆಗೆ ಬಾಲದಂಥ ತುದಿ ಬರಲು ಸ್ವಲ್ಪ ಕಾಲ ಹಿಡಿಯುವುದರಿಂದ, ಗುರುತು ಸಿಗುವ ಹೊತ್ತಿಗೆ ಬೇರು ಕುಂಡದ ತೂತಿನಿಂದ ತಾರಸಿಯ ಬಿರುಕಿಗೆ ಇಳಿದಿರುವುದೂ ಇದೆ. ಅಶ್ವತ್ಥವನ್ನು ಕೀಳಲು ಮನಸ್ಸು ಒಪ್ಪದಿದ್ದರೆ ಎಳೆಯದಿರುವಾಗಲೇ ಬೇರುಸಹಿತ ತೆಗೆದು, ಗೋಡೆ ಕೊಳವೆಗಳಿಂದ ದೂರವಿರುವ ಬಯಲು ಜಾಗದಲ್ಲಿ ನೆಡಬಹುದು. ತಾರಸಿಯಲ್ಲಿ ಮಾತ್ರ ಬಿಡಕೂಡದು.

ಹಕ್ಕಿ ತರುವ ಇನ್ನೊಂದು ಅತಿಥಿ ಶ್ರೀಗಂಧ. ಅದರ ಕಪ್ಪು ಹಣ್ಣನ್ನು ಕೋಗಿಲೆ, ಪಿಕಳಾರಗಳು ತಿಂದು ಬೀಜವನ್ನು ಹರಡುತ್ತವೆ. ಎದುರುಬದುರಾಗಿ ಜೋಡಿಸಿದ ನುಣುಪಾದ ಎಲೆಗಳು ಇದರ ಒಂದು ಗುರುತಾದರೂ ಅದೊಂದನ್ನೇ ನಂಬುವಂತಿಲ್ಲ. ಇದು ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರು, ಪೋಷಕಾಂಶಗಳನ್ನು ಹೀರುತ್ತದೆ, ಆದ್ದರಿಂದಲೇ ನರ್ಸರಿಗಳಲ್ಲಿ ಇದರ ಜೊತೆಗೆ ತೊಗರಿಯಂಥ ಆಸರೆ ಗಿಡವನ್ನು ಬೆಳೆಸುತ್ತಾರೆ. ಕುಂಡದ ದಾಸವಾಳದ ಪಕ್ಕದಲ್ಲಿ ಎದ್ದದ್ದನ್ನು ಒಂಟಿಯಾಗಿ ಕಿತ್ತು ಬೇರೆಡೆ ನೆಟ್ಟರೆ ಸೊರಗುವುದಕ್ಕೆ ಇದೇ ಕಾರಣ. ಮನೆಯಲ್ಲಿ ಗಂಧದ ಗಿಡ ಇದ್ದರೆ ತೊಂದರೆಯಾಗುತ್ತದೆಂಬ ಭಯ ಹಳೆಯದು: ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನ ಒಡೆಯನೇ ಮರದ ಒಡೆಯ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅಷ್ಟೆ.

ಇನ್ನು ಕೀಳುವ ಪ್ರಶ್ನೆ. ಕಾಂಗ್ರೆಸ್ ಗಿಡವೆಂದು ತಿಳಿದ ಕೂಡಲೇ ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕಿತ್ತುಬಿಡಿ. ಅದರ ಸಂಪರ್ಕದಿಂದ ಹಲವರಿಗೆ ಚರ್ಮದ ಅಲರ್ಜಿ ಬರುತ್ತದೆ. ಎಳೆಯದರಲ್ಲಿ ಎಲೆಗಳು ನೆಲಕ್ಕಂಟಿ ವೃತ್ತಾಕಾರವಾಗಿ ಹರಡಿರುತ್ತವೆ. ಅದೇ ರೀತಿ ಸೀಳೆಲೆ ಇರುವ ಚೆಂಡುಹೂವಿನ ಸಸಿ ನೆಟ್ಟಗೆ ಏಳುತ್ತದೆ, ಅದರ ಎಲೆಯ ವಾಸನೆಯೂ ಪರಿಚಿತ. ಗೋಣಿ ಸೊಪ್ಪು, ನೆಲನೆಲ್ಲಿಗಳಿಂದ ದೊಡ್ಡ ಕುಂಡಕ್ಕೆ ಹೆಚ್ಚಿನ ಹಾನಿಯಿಲ್ಲ. ಟೊಮೆಟೊ, ಪಪ್ಪಾಯಿಗಳನ್ನು ಉಳಿಸಿಕೊಳ್ಳುವುದಾದರೆ ಕುಂಡಕ್ಕೊಂದು ಸಸಿ ಸಾಕು. ಅಂಗಡಿಯ ಹಣ್ಣು ಹೈಬ್ರಿಡ್ ತಳಿಯದಾಗಿದ್ದರೆ ಮುಂದಿನ ಫಲ ಅದರಂತೆಯೇ ಇರುವುದಿಲ್ಲ. ಪಪ್ಪಾಯಿಯಲ್ಲಿ ಗಂಡು ಗಿಡವೂ ಬರಬಹುದಾದ್ದರಿಂದ ಜಾಗವಿದ್ದರೆ ಬೇರೆ ಬೇರೆ ಕುಂಡಗಳಲ್ಲಿ ಎರಡು ಮೂರು ಸಸಿಗಳನ್ನು ಹೂ ಬಿಡುವವರೆಗೆ ಇಟ್ಟುಕೊಂಡು ಆಮೇಲೆ ಆರಿಸಿಕೊಳ್ಳುವುದು ಉತ್ತಮ.