ಗೂಡಿಗೆ ಕೈ ಹಾಕಿದವರು

ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಇರುವ ಸಾಂತಾ ಕ್ಯಾಟಲಿನಾ ದ್ವೀಪದಲ್ಲಿ 1989ರಿಂದ ಹಲವು ವರ್ಷ, ಬೋಳು ಹದ್ದುಗಳು (ಬಾಲ್ಡ್ ಈಗಲ್) ಮೊಟ್ಟೆಯಿಡುವ ಕಾಲ ಬಂತೆಂದರೆ, ಸರ್ಕಾರದ ಅನುಮತಿ ಪಡೆದ ಒಂದು ಕಳ್ಳತನ ನಡೆಯುತ್ತಿತ್ತು. ಹೆಲಿಕಾಪ್ಟರಿನಿಂದ ಇಳಿಬಿಟ್ಟ ಹಗ್ಗದಲ್ಲಿ ಜೀವಶಾಸ್ತ್ರಜ್ಞನೊಬ್ಬ ಜೋತಾಡುತ್ತ ಕಡಿದಾದ ಬಂಡೆಯ ಮೇಲಿನ ಗೂಡನ್ನು ತಲುಪುತ್ತಿದ್ದ. ಅಲ್ಲಿದ್ದ ಮೊಟ್ಟೆಗಳನ್ನು ಮೆತ್ತೆ ಹಾಸಿದ ಪೆಟ್ಟಿಗೆಗೆ ಸೇರಿಸಿ, ಅವುಗಳ ಜಾಗದಲ್ಲಿ ನಕಲಿ ಮೊಟ್ಟೆಗಳನ್ನಿಟ್ಟು ಮರಳುತ್ತಿದ್ದ. ತಾಯಿ ಹದ್ದು ಬಂದು ಏನೂ ಆಗಿಲ್ಲವೆಂಬಂತೆ ನಕಲಿಯ ಮೇಲೆ ಕಾವು ಕೂರುತ್ತಿತ್ತು. ಅಸಲಿ ಮೊಟ್ಟೆಗಳು ಸ್ಯಾನ್ ಫ್ರಾನ್ಸಿಸ್ಕೊ ಮೃಗಾಲಯದ ಇನ್‌ಕ್ಯುಬೇಟರ್ ಸೇರುತ್ತಿದ್ದವು. ಅಲ್ಲಿ ಮರಿಯಾದರೆ ಅದನ್ನು ತಂದು ಗೂಡಿನಲ್ಲಿಟ್ಟು ನಕಲಿ ಮೊಟ್ಟೆಯನ್ನು ತೆಗೆಯುತ್ತಿದ್ದರು. ರಾತ್ರಿ ಬೆಳಗಾಗುವುದರೊಳಗೆ ಮೊಟ್ಟೆ ಹೋಗಿ ಬೆಳೆದ ಮರಿ ಬಂದರೂ ಹದ್ದುಗಳು ತಕರಾರು ಮಾಡುತ್ತಿರಲಿಲ್ಲ. ಮೀನು ತಂದು ಉಣಿಸುತ್ತಿದ್ದವು.

ಇಷ್ಟು ಹರಸಾಹಸ ಏಕೆ ಬೇಕಾಯಿತು ಎಂಬುದಕ್ಕೆ ನೂರು ವರ್ಷಕ್ಕೂ ಹಿಂದಿನ ಚರಿತ್ರೆಯಿದೆ. ಅದು ಶುರುವಾಗುವುದೂ ಮೊಟ್ಟೆ ಕದಿಯುವವರಿಂದಲೇ.

ಕ್ಯಾಟಲಿನಾವೂ ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾದ ಚಾನೆಲ್ ದ್ವೀಪಗಳು ಒಟ್ಟು ಎಂಟು. ಒಂದು ಕಾಲಕ್ಕೆ ಎಂಟರಲ್ಲೂ ಬೋಳು ಹದ್ದು ಗೂಡು ಕಟ್ಟುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿ ಸಾಕಣೆಗೆ ಬಂದವರು ಅದನ್ನು ಕುರಿಮರಿಗಳ ಶತ್ರುವೆಂದು ಗುಂಡಿಕ್ಕಿದರು, ವಿಷವಿಟ್ಟರು. ಅವರ ಜೊತೆಗೇ ಮೊಟ್ಟೆ ಸಂಗ್ರಾಹಕರೂ ಬಂದರು. ಹಕ್ಕಿಯ ಮೊಟ್ಟೆ ಕೂಡಿಡುವುದು ಆಗ ಮರ್ಯಾದಸ್ಥರ ಹವ್ಯಾಸ. ಚಿಪ್ಪಿಗೆ ಸಣ್ಣ ತೂತು ಕೊರೆದು ಒಳಗಿನದನ್ನು ಊದಿ ಹೊರಹಾಕಿ, ತೆಗೆದ ದಿನಾಂಕ ಮತ್ತು ಸ್ಥಳ ಬರೆದು, ಹತ್ತಿಯ ಹಾಸಿನ ಮೇಲಿಟ್ಟು ಬೀರುವಿಗೆ ಸೇರಿಸುತ್ತಿದ್ದರು. ಹಕ್ಕಿಗೆ ಅದರಿಂದ ಆದದ್ದು ನಷ್ಟವೇ. ಆದರೆ ದಿನಾಂಕ ಬರೆದಿಡುವ ಅವರ ಶಿಸ್ತು ಮುಂದೊಂದು ದಿನ ಹದ್ದುಗಳ ಪರವಾಗಿ ಸಾಕ್ಷಿ ನುಡಿಯಿತು.

ಹದ್ದಿನ ಗೂಡುಗಳನ್ನು ವರ್ಷ ವರ್ಷವೂ ಬಿಡದೆ ನೋಡಿ ಲೆಕ್ಕವಿಡುವ ಕೆಲಸಕ್ಕೆ ಹೆಸರಾದವನು ಇವರಂತೆ ಸಂಗ್ರಾಹಕನಲ್ಲ, ವಿಜ್ಞಾನಿಯೂ ಅಲ್ಲ. ಚಾರ್ಲ್ಸ್ ಬ್ರೋಲಿ ಕೆನಡಾದ ವಿನಿಪೆಗ್‌ನಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದು ನಿವೃತ್ತನಾದವನು. 1939ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಫ್ಲಾರಿಡಾದ ಎತ್ತರದ ಮರಗಳಿಗೆ ಹಗ್ಗದ ಏಣಿ ಹಾಕಿ ಹತ್ತಿ ಹದ್ದಿನ ಮರಿಗಳ ಕಾಲಿಗೆ ಉಂಗುರ ತೊಡಿಸಲು ಶುರುಮಾಡಿದ. ಒಂದು ಸಾವಿರಕ್ಕೂ ಹೆಚ್ಚು ಮರಿಗಳಿಗೆ ತೊಡಿಸಿದ. 1947ರಿಂದ ಗೂಡುಗಳು ಖಾಲಿಯಾಗುತ್ತಿರುವುದು ಅವನ ಗಮನಕ್ಕೆ ಬಂತು, ಹದ್ದುಗಳಿದ್ದವು, ಮರಿಗಳಿರಲಿಲ್ಲ. 1958ರಲ್ಲಿ ನೂರು ಮೈಲಿ ಕರಾವಳಿ ಅಲೆದ ಮೇಲೆ ಅವನಿಗೆ ಸಿಕ್ಕಿದ್ದು ಒಂದೇ ಒಂದು ಮರಿ. ಡಿಡಿಟಿ ಎಂಬ ಕೀಟನಾಶಕ ಹದ್ದುಗಳನ್ನು ಬಂಜೆಯಾಗಿಸುತ್ತಿದೆ ಎಂದು ಆತ ಆಗಲೇ ಹೇಳಿದ. ಬ್ಯಾಂಕಿನ ಲೆಡ್ಜರಿನಲ್ಲಿ ಪಳಗಿದ ಕಣ್ಣಿಗೆ ಜಮೆಯಾಗದ ಖಾತೆ ಬೇಗ ಕಂಡಿತೇನೋ.

ಆದರೆ ಅನುಮಾನ ಪುರಾವೆಯಲ್ಲ. ಪುರಾವೆ ಬಂದದ್ದು ಬ್ರಿಟನ್ನಿನಿಂದ. ಪೆರಿಗ್ರಿನ್ ಡೇಗೆ ಎಂಬ ಬೇಟೆಹಕ್ಕಿಗಳ ಗೂಡುಗಳಲ್ಲಿ ಮೊಟ್ಟೆಗಳು ಒಡೆದು ಹೋಗುತ್ತಿದ್ದುದನ್ನು ಕಂಡ ವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ಹಳೆಯ ಸಂಗ್ರಾಹಕರ ಬೀರುಗಳತ್ತ ತಿರುಗಿದ. ಬೆಲೆಬಾಳುವ ಚಿಪ್ಪುಗಳನ್ನು ಒಡೆದು ದಪ್ಪ ಅಳೆಯಲು ಯಾರು ಬಿಡುತ್ತಾರೆ? ಹಾಗಾಗಿ ಖಾಲಿ ಚಿಪ್ಪನ್ನು ತೂಗಿ, ಆ ತೂಕವನ್ನು ಮೊಟ್ಟೆಯ ಉದ್ದ ಮತ್ತು ಅಗಲದ ಗುಣಲಬ್ಧದಿಂದ ಭಾಗಿಸಿದ. ಆಗ ಸಿಗುವ ಅಂಕಿ ಕಡಿಮೆಯಾದಷ್ಟೂ ಚಿಪ್ಪು ತೆಳು. 1947ರ ಆಸುಪಾಸಿನಲ್ಲಿ ಈ ಅಂಕಿ ಏಕಾಏಕಿ ಕುಸಿದದ್ದು ಎದ್ದು ಕಂಡಿತು. ಡಿಡಿಟಿ ಹೊಲಗದ್ದೆಗಳಿಗೆ ಬಂದ ಕಾಲವೂ ಅದೇ. 1967ರಲ್ಲಿ ಅವನ ಲೇಖನ ಪ್ರಕಟವಾಯಿತು. ಮರುವರ್ಷ ಅಮೆರಿಕದ ಸಂಗ್ರಹಗಳಲ್ಲೂ ಇದೇ ಕಥೆ ಸಿಕ್ಕಿತು, ಬೋಳು ಹದ್ದಿನದೂ ಸೇರಿ. ಎಂದೋ ಗೂಡು ದೋಚಿದವರ ದಾಖಲೆ ಇಲ್ಲದಿದ್ದರೆ ಯಾವುದಕ್ಕೆ ಹೋಲಿಸಿ ತೆಳುವೆನ್ನಬೇಕಿತ್ತು?

ಡಿಡಿಟಿ ದೇಹದೊಳಗೆ ಡಿಡಿಇ ಎಂಬ ರೂಪಕ್ಕೆ ಬದಲಾಗಿ ಕೊಬ್ಬಿನಲ್ಲಿ ಉಳಿಯುತ್ತದೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಮೀನಿನಿಂದ ಕಡಲಹಕ್ಕಿಗೆ ಮತ್ತು ಸೀಲ್‌ಗೆ, ಅವುಗಳಿಂದ ಹದ್ದಿಗೆ ದಾಟುತ್ತ ಅದರ ಸಾಂದ್ರತೆ ಏರುತ್ತದೆ. ಚಿಪ್ಪು ರೂಪುಗೊಳ್ಳುವ ಗ್ರಂಥಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದಂತೆ ಮಾಡುತ್ತದೆ. ತೆಳುವಾದ ಮೊಟ್ಟೆ ತಾಯಿಯ ಭಾರಕ್ಕೇ ಒಡೆಯುತ್ತದೆ; ಒಡೆಯದಿದ್ದರೆ ನೀರಿನಂಶ ಬೇಗ ಆವಿಯಾಗಿ ಒಳಗಿನ ಭ್ರೂಣ ಒಣಗುತ್ತದೆ.

ಚಾನೆಲ್ ದ್ವೀಪಗಳ ಪಾಲಿಗೆ ಇದು ದುಪ್ಪಟ್ಟು ಪೆಟ್ಟು. ಲಾಸ್ ಏಂಜಲೀಸ್ ಬಳಿಯ ಟಾರೆನ್ಸ್‌ನಲ್ಲಿ 1947ರಿಂದ 1982ರವರೆಗೆ ಡಿಡಿಟಿ ತಯಾರಿಸಿದ ಮಾಂಟ್ರೋಸ್ ಕೆಮಿಕಲ್ ಕಾರ್ಖಾನೆ ತನ್ನ ತ್ಯಾಜ್ಯವನ್ನು ಊರಿನ ಒಳಚರಂಡಿಗೆ ಬಿಟ್ಟಿತ್ತು. 1950ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ಹೀಗೆ ಪಾಲೋಸ್ ವರ್ಡೆಸ್ ಬಳಿಯ ಸಮುದ್ರತಳ ಸೇರಿದ ಡಿಡಿಟಿ ಸುಮಾರು 1,700 ಟನ್ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. 1960ರ ದಶಕದ ಆರಂಭದ ಹೊತ್ತಿಗೆ ಎಂಟೂ ದ್ವೀಪಗಳಲ್ಲಿ ಬೋಳು ಹದ್ದಿನ ಗೂಡು ಇಲ್ಲವಾಗಿತ್ತು. ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ ಅಮೆರಿಕದಲ್ಲಿ 1963ರಲ್ಲಿ ಎಣಿಕೆಗೆ ಸಿಕ್ಕಿದ್ದು 417 ಜೋಡಿ ಮಾತ್ರ. 1972ರಲ್ಲಿ ಅಮೆರಿಕ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ತಯಾರಿಸಿ ರಫ್ತು ಮಾಡುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಮಾಂಟ್ರೋಸ್ ಇನ್ನೂ ಹತ್ತು ವರ್ಷ ಅದನ್ನೇ ಮಾಡಿತು. (ಭಾರತ ಕೃಷಿಯಲ್ಲಿ ಡಿಡಿಟಿಯನ್ನು ನಿಷೇಧಿಸಿದ್ದು 1989ರಲ್ಲಿ. ಮಲೇರಿಯಾ ಸೊಳ್ಳೆಯ ಹೆಸರಿನಲ್ಲಿ ಗೋಡೆಗೆ ಸಿಂಪಡಿಸುವುದು ಆಮೇಲೂ ಮುಂದುವರಿಯಿತು.)

ಹದ್ದುಗಳನ್ನು ಮರಳಿ ತರುವ ಯತ್ನ 1980ರಲ್ಲಿ ಕ್ಯಾಟಲಿನಾದಲ್ಲಿ ಶುರುವಾಯಿತು. ಇನ್‌ಸ್ಟಿಟ್ಯೂಟ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಎಂಬ ಸಂಸ್ಥೆ ಬೇರೆ ಕಡೆಯ ಕಾಡುಗೂಡುಗಳಿಂದ ಮರಿಗಳನ್ನು ತಂದು, ಎತ್ತರದ ಅಟ್ಟಣೆಗಳ ಮೇಲಿನ ಪಂಜರದಲ್ಲಿರಿಸಿ, ಮನುಷ್ಯರ ಮುಖ ಕಾಣದಂತೆ ಆಹಾರ ಕೊಟ್ಟು, ರೆಕ್ಕೆ ಬಲಿತಾಗ ಬಾಗಿಲು ತೆರೆಯಿತು. 1986ರವರೆಗೆ 33 ಹದ್ದುಗಳನ್ನು ಹೀಗೆ ಬಿಟ್ಟರು. ಅವು ಬದುಕಿದವು, ಜೋಡಿಯಾದವು, 1987ರಲ್ಲಿ ಮೊಟ್ಟೆಯನ್ನೂ ಇಟ್ಟವು. ಮೊಟ್ಟೆಗಳು ಒಡೆದವು. ನಿಷೇಧವಾಗಿ ಹದಿನೈದು ವರ್ಷ ಕಳೆದಿದ್ದರೂ ಸಮುದ್ರತಳದ ವಿಷ ಮೀನುಗಳ ಮೂಲಕ ಗೂಡಿಗೆ ಬರುತ್ತಲೇ ಇತ್ತು. ಹೆಲಿಕಾಪ್ಟರ್ ಮತ್ತು ನಕಲಿ ಮೊಟ್ಟೆಗಳ ಉಪಾಯ ಹುಟ್ಟಿದ್ದು ಇಲ್ಲಿಂದ.

ಈ ವರ್ಷಗಳಲ್ಲಿ ಹದ್ದುಗಳ ಸಂಖ್ಯೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೂ ಯಾವ ಗೂಡಿನಲ್ಲಿ ಎಷ್ಟು ಮೊಟ್ಟೆ, ಚಿಪ್ಪು ಎಷ್ಟು ತೆಳು, ಡಿಡಿಇ ಎಷ್ಟು ಎಂಬ ಲೆಕ್ಕ ಬೆಳೆಯುತ್ತ ಹೋಯಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇರುವುದು ಈ ನೀರಸ ಲೆಕ್ಕದಲ್ಲೇ. 1990ರಲ್ಲಿ ಕೇಂದ್ರ ಮತ್ತು ಕ್ಯಾಲಿಫೋರ್ನಿಯಾ ಸರ್ಕಾರಗಳು ಮಾಂಟ್ರೋಸ್ ಮತ್ತಿತರ ಕಂಪನಿಗಳ ಮೇಲೆ ದಾವೆ ಹೂಡಿದಾಗ, ಬೋಳು ಹದ್ದಿಗೆ ಆದ ಹಾನಿಯೂ ಅದರ ಭಾಗವಾಗಿತ್ತು. ದಶಕದ ಜಟಾಪಟಿಯ ನಂತರ ಸುಮಾರು 14 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ ಸುಮಾರು 3 ಕೋಟಿ ಡಾಲರ್ ಹದ್ದು, ಕಡಲಹಕ್ಕಿ ಮತ್ತು ಮೀನುಗಳ ಪುನಶ್ಚೇತನಕ್ಕೆ ಮೀಸಲಾಯಿತು.

ಆ ಹಣದ ಬಲದಿಂದ 2002ರಿಂದ 2006ರವರೆಗೆ ಉತ್ತರದ ಸಾಂತಾ ಕ್ರೂಜ್ ದ್ವೀಪದಲ್ಲಿ 61 ಎಳೆಯ ಹದ್ದುಗಳನ್ನು ಬಿಟ್ಟರು. ಅಲ್ಲಿ ಇನ್ನೊಂದು ಲೆಕ್ಕಾಚಾರವೂ ಇತ್ತು. ಬೋಳು ಹದ್ದು ಇಲ್ಲವಾದ ಮೇಲೆ, ದ್ವೀಪದಲ್ಲಿ ಬೀಡುಬಿಟ್ಟಿದ್ದ ಕಾಡುಬಿದ್ದ ಹಂದಿಗಳ ಮರಿಗಳಿಗೆ ಆಸೆಪಟ್ಟು ಸುವರ್ಣ ಹದ್ದು ಬಂದು ನೆಲೆಸಿತ್ತು. ಬೋಳು ಹದ್ದಿನ ಮುಖ್ಯ ಆಹಾರ ಮೀನು ಮತ್ತು ಕಡಲಹಕ್ಕಿ. ಸುವರ್ಣ ಹದ್ದಿನದು ನೆಲದ ಪ್ರಾಣಿಗಳು. ಬೆಕ್ಕಿನ ಗಾತ್ರದ, ಆ ದ್ವೀಪಗಳಲ್ಲಷ್ಟೇ ಇರುವ ನರಿ ಅದರ ಕಾಲುಗುರಿಗೆ ಸಿಕ್ಕಿ ನಿರ್ನಾಮದ ಅಂಚಿಗೆ ಬಂತು. ಸುವರ್ಣ ಹದ್ದುಗಳನ್ನು ಹಿಡಿದು ಮುಖ್ಯಭೂಮಿಗೆ ಸಾಗಿಸಿದರು, ಹಂದಿಗಳನ್ನು ನಿರ್ಮೂಲ ಮಾಡಿದರು, ನರಿಗಳನ್ನು ಪಂಜರದಲ್ಲಿ ಸಾಕಿ ಬಿಟ್ಟರು. ಮರಳಿ ಬಂದ ಬೋಳು ಹದ್ದು ತನ್ನ ಎಲ್ಲೆಯಿಂದ ಸುವರ್ಣ ಹದ್ದನ್ನು ಅಟ್ಟೀತೆಂಬುದು ನಿರೀಕ್ಷೆ. ಹಾಗಾದರೆ ಬೋಳು ಹದ್ದು ನರಿಯನ್ನು ತಿನ್ನುವುದಿಲ್ಲವೇ? ಉತ್ತರಕ್ಕಾಗಿ ಸಂಶೋಧಕರು ಸ್ಯಾನ್ ಮಿಗೆಲ್ ದ್ವೀಪದ ಒಂದು ಪುರಾತನ ಗೂಡನ್ನು ಅಗೆದರು. ತಲೆಮಾರುಗಳಿಂದ ಹದ್ದುಗಳು ಬಳಸಿದ ಆ ಗೂಡಿನಲ್ಲಿ ಕಡಲಹಕ್ಕಿ ಮತ್ತು ಮೀನಿನ ಮೂಳೆಗಳದೇ ರಾಶಿ. ನರಿಯ ಮೂಳೆ ಬಲು ಅಪರೂಪ.

2006ರಲ್ಲಿ ಸಾಂತಾ ಕ್ರೂಜ್‌ನ ಎರಡು ಗೂಡುಗಳಲ್ಲಿ ಯಾರ ನೆರವೂ ಇಲ್ಲದೆ ಮರಿಗಳು ಹೊರಬಂದವು. ಚಾನೆಲ್ ದ್ವೀಪಗಳಲ್ಲಿ ಅರ್ಧ ಶತಮಾನದ ಮೇಲೆ ಅದೇ ಮೊದಲು. ಮರುವರ್ಷ ಕ್ಯಾಟಲಿನಾದಲ್ಲೂ ಎರಡು ಗೂಡುಗಳ ಮೊಟ್ಟೆಗಳನ್ನು ಕದಿಯದೆ ಬಿಟ್ಟು ನೋಡಿದರು. ಅವೂ ಮರಿಯಾದವು. ಕ್ರಮೇಣ ಹೆಲಿಕಾಪ್ಟರ್ ಕಳ್ಳತನ ನಿಂತಿತು. ಅದೇ 2007ರಲ್ಲಿ ಅಮೆರಿಕದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ಬೋಳು ಹದ್ದಿನ ಹೆಸರನ್ನೂ ತೆಗೆದರು.

ಗೂಡು ನೋಡುವ ಕೆಲಸ ಮಾತ್ರ ನಿಲ್ಲಲಿಲ್ಲ. ಜೋಡಿ ಕೂಡಿದೆಯೇ, ಕಾವು ಶುರುವಾಗಿದೆಯೇ, ಸುಮಾರು 35 ದಿನಕ್ಕೆ ಮರಿ ಹೊರಬಂತೇ ಎಂಬುದನ್ನು ದೂರದಿಂದ ಟೆಲಿಸ್ಕೋಪಿನಲ್ಲಿ ನೋಡಬಹುದು. ಮರಿ ಎಂಟು ವಾರದ್ದಾದಾಗ ಮಾತ್ರ ಹತ್ತಿರ ಹೋಗಲೇಬೇಕು. ಅದಕ್ಕಿಂತ ಮೊದಲಾದರೆ ಕಾಲು ಇನ್ನೂ ಬೆಳೆದಿರುವುದಿಲ್ಲ, ಉಂಗುರ ನಿಲ್ಲದು. ತಡವಾದರೆ ಮನುಷ್ಯರನ್ನು ಕಂಡು ಬೆದರಿ, ಹಾರಲು ಬಾರದೆಯೂ ಗೂಡಿನಿಂದ ಜಿಗಿದುಬಿಡುತ್ತದೆ. ಹಗ್ಗ ಕಟ್ಟಿ ಬಂಡೆಯಿಂದ ಇಳಿದವರು ಮರಿಯ ಕಣ್ಣಿಗೆ ಟೋಪಿ ಮುಚ್ಚುತ್ತಾರೆ. ಕತ್ತಲಾದೊಡನೆ ಅದು ಸುಮ್ಮನಾಗುತ್ತದೆ. ಕೊಕ್ಕಿನ ದಪ್ಪ ಮತ್ತು ಹಿಂಬೆರಳಿನ ಉಗುರಿನ ಉದ್ದ ಅಳೆದು ಗಂಡೋ ಹೆಣ್ಣೋ ಎಂದು ಗುರುತಿಸುತ್ತಾರೆ, ಹೆಣ್ಣೇ ದೊಡ್ಡದು. ಸ್ವಲ್ಪ ರಕ್ತ ತೆಗೆದು, ಕಾಲಿಗೆ ಉಂಗುರ, ರೆಕ್ಕೆಗೆ ದೂರದಿಂದ ಓದಬಹುದಾದ ಅಕ್ಷರ ಮತ್ತು ಅಂಕಿಗಳ ಪಟ್ಟಿ ಹಾಕಿ ಮರಳಿ ಗೂಡಿನಲ್ಲಿಡುತ್ತಾರೆ. ಮೇಲೆ ಸುತ್ತುತ್ತ ಕಿರುಚುತ್ತಿರುವ ತಂದೆತಾಯಿಗಳ ಕಣ್ಣೆದುರೇ ಇದೆಲ್ಲ ನಡೆಯುತ್ತದೆ. ಮರಿಗಳು ಹಾರಿಹೋದ ಮೇಲೆ ಮತ್ತೆ ಬಂದು ಚಿಪ್ಪಿನ ಚೂರು, ಮರಿಯಾಗದ ಮೊಟ್ಟೆ, ತಿಂದುಳಿದ ಮೂಳೆಗಳನ್ನು ಹೆಕ್ಕಿ ಒಯ್ಯುತ್ತಾರೆ.

2006ರಿಂದ ಕೆಲವು ಗೂಡುಗಳ ಮುಂದೆ ನೇರಪ್ರಸಾರದ ಕ್ಯಾಮೆರಾಗಳೂ ಬಂದಿವೆ. ಜಗತ್ತಿನ ಯಾವುದೇ ಮೂಲೆಯಲ್ಲಿ ಕೂತು ಸಾಂತಾ ಕ್ರೂಜ್‌ನ ಮರಿಗಳನ್ನು ನೋಡಬಹುದು. ಸಾವಿರಾರು ಜನ ನೋಡುತ್ತಾರೆ. ಹಾಗಾಗಿ ಹಗ್ಗ, ದೋಣಿ ಮತ್ತು ಪ್ರಯೋಗಾಲಯದ ಖರ್ಚು ಇನ್ನೇಕೆ ಎಂಬ ಪ್ರಶ್ನೆ ಸಹಜ. ರಾಜಿಯಿಂದ ಬಂದ ಹಣವೂ ಒಮ್ಮೆ ಕೊಟ್ಟು ಮುಗಿಯುವಂಥದ್ದು. ಆದರೆ ವಿಷ ಇನ್ನೂ ಅಲ್ಲೇ ಇದೆ. ಚರಂಡಿಗೆ ಬಿಟ್ಟದ್ದಲ್ಲದೆ, ತ್ಯಾಜ್ಯವನ್ನು ಬಾರ್ಜ್‌ಗಳಲ್ಲಿ ಒಯ್ದು ಕ್ಯಾಟಲಿನಾ ಕಡೆಯ ಆಳ ಸಮುದ್ರಕ್ಕೂ ಸುರಿದಿದ್ದರು. ಅಲ್ಲಿನ ಕೆಸರಿನಲ್ಲಿ ಡಿಡಿಟಿ ಬಹುಮಟ್ಟಿಗೆ ಹಾಗೆಯೇ ಕೂತಿರುವುದು ಈಚಿನ ವರ್ಷಗಳ ಶೋಧಗಳಿಂದ ಖಚಿತವಾಗಿದೆ. ಕ್ಯಾಟಲಿನಾದ ಹದ್ದುಗಳು ಕಡಲಸಿಂಹಗಳ ಕಳೇಬರವನ್ನೂ ತಿನ್ನುತ್ತವೆ, ಅವುಗಳ ಕೊಬ್ಬಿನಲ್ಲಿ ಡಿಡಿಇ ಹೆಚ್ಚು. ಮೊಟ್ಟೆ ಒಡೆದರೆ ಕ್ಯಾಮೆರಾ ತೋರಿಸುತ್ತದೆ. ಒಡೆಯುವ ಮುಂಚೆ ಚಿಪ್ಪು ವರ್ಷ ವರ್ಷಕ್ಕೆ ತೆಳುವಾಗುತ್ತಿದೆಯೇ ಎಂದು ತಿಳಿಯಬೇಕಾದರೆ ಯಾರಾದರೂ ಗೂಡಿಗೆ ಇಳಿದು ಚೂರುಗಳನ್ನು ತಂದು ಅಳೆಯಲೇಬೇಕು, ಅದಕ್ಕೆ ಯಾರಾದರೂ ಪ್ರತಿ ವರ್ಷ ಹಣ ಕೊಡಲೇಬೇಕು.