ಕಾರ್ಡ್ ಒಂದೇ ಸಾಲದು, ಕಾಯಿಲೆಯ ಫೈಲ್ ತನ್ನಿ

"ಮೇಡಂ, ನನ್ನ ಹತ್ರ ಕಾರ್ಡ್ ಇದೆ. ಅವರು ನನ್ನನ್ನ ಕೆಲಸದಿಂದ ತೆಗೆಯೋ ಹಾಗೇ ಇಲ್ಲ ಅಲ್ವಾ?"

ನ್ಯೂಜೆರ್ಸಿಯಲ್ಲಿ ನೌಕರರ ಪರ ಕೇಸ್ ನಡೆಸುವ ನನಗೆ ಈ ಪ್ರಶ್ನೆ ಬಾರದ ತಿಂಗಳಿಲ್ಲ. ಕೇಳುವವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಡಾಕ್ಟರ್ ಬರೆದುಕೊಟ್ಟಿರುತ್ತಾರೆ, ರಾಜ್ಯ ಸರ್ಕಾರ ಮೆಡಿಕಲ್ ಗಾಂಜಾ ಕಾರ್ಡ್ ಕೊಟ್ಟಿರುತ್ತದೆ, ಇವರು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ತಗೊಂಡು ಮಲಗಿರುತ್ತಾರೆ. ಒಂದು ದಿನ ಆಫೀಸಿನಲ್ಲಿ ಯೂರಿನ್ ಟೆಸ್ಟ್. ಪಾಸಿಟಿವ್. ಕೆಲಸ ಹೋಯಿತು. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಆ ಪ್ರಶ್ನೆಗೆ ನಾನು ಸುಮ್ನೆ "ಹೌದು" ಅನ್ನಲಾರೆ.

ಕಾರ್ಡ್ ಇರುವುದು ಡಿಸ್ಪೆನ್ಸರಿಯ, ಅಂದರೆ ಲೈಸೆನ್ಸ್ ಇರುವ ಗಾಂಜಾ ಅಂಗಡಿಯ, ಬಾಗಿಲು ದಾಟೋಕೆ. ಪೊಲೀಸರು ಕೇಳಿದರೆ ತೋರಿಸೋಕೆ. ಕೆಲಸ ಕಾಪಾಡಲು ನಾನು ಮುಖ್ಯವಾಗಿ ನೆಚ್ಚುವ ಕಾನೂನು ಬೇರೆ: ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವುದು. ಅದು ಹುಟ್ಟಿದ್ದು ಕಾಯಿಲೆ ಇರುವವರಿಗಾಗಿ, ಗಾಂಜಾ ತಗೊಳ್ಳುವವರಿಗಾಗಿ ಅಲ್ಲ. ಹೀಗೆ ನೋಡಿ: ಸಕ್ಕರೆ ಕಾಯಿಲೆ ಇರುವವರನ್ನು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ ಅಂತ ಕೆಲಸದಿಂದ ತೆಗೆದರು ಅಂದುಕೊಳ್ಳಿ. ನೀವು ಜಡ್ಜ್ ಮುಂದೆ ಮೆಡಿಕಲ್ ಶಾಪಿನ ರಸೀದಿ ಮಾತ್ರ ಹಿಡಿದು ನಿಲ್ಲುತ್ತೀರಾ? "ನನಗೆ ಸಕ್ಕರೆ ಕಾಯಿಲೆ ಇದೆ, ಕಾಯಿಲೆಗಾಗಿ ನನ್ನನ್ನು ತೆಗೆದಿದ್ದಾರೆ" ಅಂತ ತಾನೇ ಹೇಳುತ್ತೀರಿ? ಇಲ್ಲೂ ಅಷ್ಟೇ. ಕಾರ್ಡ್ ರಸೀದಿ ಇದ್ದ ಹಾಗೆ. ಕೇಸ್ ನಿಲ್ಲುವುದು ಕಾಯಿಲೆಯ ಮೇಲೆ.

ಇದನ್ನು ನಾನೇ ಕಟ್ಟಿ ಹೇಳುತ್ತಿಲ್ಲ. ಕೊಲೊರಾಡೊದ ಕೋಟ್ಸ್ ಕೇಸ್ ತಗೊಳ್ಳಿ. ಆತ ಗಾಲಿಕುರ್ಚಿಯಲ್ಲಿ ಓಡಾಡುವವರು, ಫೋನಿನಲ್ಲಿ ಗ್ರಾಹಕರಿಗೆ ಉತ್ತರ ಕೊಡುವ ಕೆಲಸ. ಸ್ನಾಯು ಸೆಳೆತಕ್ಕೆ ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಮನೆಯಲ್ಲೇ ಗಾಂಜಾ ತಗೊಳ್ಳುತ್ತಿದ್ದರು. 2010ರಲ್ಲಿ ಟೆಸ್ಟ್ ಮಾಡಿ ಕೆಲಸದಿಂದ ತೆಗೆದರು. ಕೆಲಸದ ಹೊತ್ತಿನ ಹೊರಗೆ ಕಾನೂನು ಒಪ್ಪಿದ್ದನ್ನು ಮಾಡಿದರೆ ತೆಗೆಯುವಂತಿಲ್ಲ ಅನ್ನುವ ನಿಯಮ ಆ ರಾಜ್ಯದಲ್ಲಿತ್ತು. ಅದನ್ನೇ ನಂಬಿ ಅವರು ಕೋರ್ಟಿಗೆ ಹೋದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು: ಕಾನೂನು ಒಪ್ಪಿದ್ದು ಅಂದರೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನೂ ಒಪ್ಪಿರಬೇಕು. ಅದು ಗಾಂಜಾವನ್ನು ಒಪ್ಪಿರಲಿಲ್ಲ. ಸೋತರು. ಆ ತೀರ್ಪು ಓದುವಾಗ ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ಈಗ ಮ್ಯಾಸಚೂಸೆಟ್ಸ್‌ನ ಬಾರ್ಬುಟೊ ಕೇಸ್, 2017. ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆ ಇದ್ದ ಹೆಣ್ಣುಮಗಳು. ಟೆಸ್ಟಿಗೆ ಮೊದಲೇ ಬಾಯಿಬಿಟ್ಟು ಹೇಳಿದ್ದರು. ಆದರೂ ಮೊದಲ ದಿನದ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಫೋನ್ ಬಂತು, ನಾಳೆಯಿಂದ ಬೇಡ ಅಂತ. ಅವರು ಗಾಂಜಾ ಕಾನೂನಿನ ಮೇಲೂ ಕೇಸ್ ಹಾಕಿದ್ದರು, ಅಂಗವೈಕಲ್ಯದ ಕಾನೂನಿನ ಮೇಲೂ ಹಾಕಿದ್ದರು. ಗಾಂಜಾ ಕಾನೂನಿನಡಿ ಮಾಲೀಕರ ಮೇಲೆ ಕೇಸ್ ಹಾಕೋಕೆ ಬರುವುದಿಲ್ಲ ಅಂದಿತು ಕೋರ್ಟ್. ಅಂಗವೈಕಲ್ಯದ ತಾರತಮ್ಯದ ಕೇಸ್ ಮಾತ್ರ ನಡೆಯಲಿ ಅಂದಿತು. ಒಂದೇ ಹೆಂಗಸು, ಒಂದೇ ಔಷಧಿ, ಎರಡು ಕಾನೂನು. ಒಂದು ಬಿತ್ತು, ಒಂದು ನಿಂತಿತು. ನಿಂತದ್ದು ಯಾವುದು ಅನ್ನುವುದನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ.

ನಮ್ಮ ನ್ಯೂಜೆರ್ಸಿಯಲ್ಲಿ ವೈಲ್ಡ್ ಕೇಸ್. ಕ್ಯಾನ್ಸರ್ ಇದ್ದ ವ್ಯಕ್ತಿ, ಶವಸಂಸ್ಕಾರದ ಸಂಸ್ಥೆಯಲ್ಲಿ ಕೆಲಸ. 2016ರಲ್ಲಿ ಡ್ಯೂಟಿ ಮೇಲೆ ಗಾಡಿ ಓಡಿಸುವಾಗ ಬೇರೆಯವನು ಸ್ಟಾಪ್ ಸೈನ್ ದಾಟಿ ಬಂದು ಗುದ್ದಿದ. ಇವರದೇನೂ ತಪ್ಪಿಲ್ಲ. ಟೆಸ್ಟ್ ಪಾಸಿಟಿವ್ ಅಂತ ಕೆಲಸ ಹೋಯಿತು. ಆಮೇಲೆ ಕಂಪನಿ ಬೇರೆ ಕಾರಣ ಹೇಳಿತು: ಔಷಧಿಯ ವಿಷಯ ಮೊದಲೇ ತಿಳಿಸಲಿಲ್ಲ ಅಂತ. 2020ರ ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಾರತಮ್ಯ ವಿರೋಧಿ ಕಾನೂನಿನಡಿ ಈ ಕೇಸ್ ಮುಂದುವರಿಯಬಹುದು ಅಂದಿತು. ಗೆದ್ದರು ಅಂತಲ್ಲ, ಕೇಸ್ ನಡೆಸಲು ದಾರಿ ಸಿಕ್ಕಿತು ಅಂತ. ನಮ್ಮ ರಾಜ್ಯದ ಆ ಕಾನೂನಿನಲ್ಲಿ ಅಂಗವೈಕಲ್ಯದ ಅರ್ಥ ಬಹಳ ವಿಶಾಲ. ನೋಡಿದರೆ ಗಟ್ಟಿಮುಟ್ಟಾಗಿ ಕಾಣುವ ಎಷ್ಟೋ ಜನ ಅದರೊಳಗೆ ಬರುತ್ತಾರೆ. ಪಕ್ಕದ ನ್ಯೂಯಾರ್ಕ್‌ನಲ್ಲಿ ಮೆಡಿಕಲ್ ಗಾಂಜಾದ ಪ್ರಮಾಣಪತ್ರ ಇರುವ ರೋಗಿಗೆ ಅಂಗವೈಕಲ್ಯ ಇದೆ ಅಂತ ಕಾನೂನೇ ಪರಿಗಣಿಸುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಇಷ್ಟು ವ್ಯತ್ಯಾಸ ಇರುವಾಗ ಟೆಕ್ಸಾಸ್‌ನಲ್ಲಿರುವ ಭಾವಮೈದುನ ಹೇಳಿದ್ದನ್ನು ಕೇಳಿಕೊಂಡು ಇಲ್ಲಿ ನಿರ್ಧಾರ ಮಾಡಬೇಡಿ.

ಕಷ್ಟ ಏನಪ್ಪಾ ಅಂದರೆ, ನಮ್ಮ ಜನ ಕಾರ್ಡ್ ತೋರಿಸುತ್ತಾರೆ, ಕಾಯಿಲೆ ಮುಚ್ಚಿಡುತ್ತಾರೆ.

ಎರಡು ವರ್ಷದ ಕೆಳಗೆ ಹಾಸನದ ಕಡೆಯವರೊಬ್ಬರು ಹೆಂಡತಿ ಜತೆ ಬಂದಿದ್ದರು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಐವತ್ತರ ಹತ್ತಿರ ವಯಸ್ಸು, ದೊಡ್ಡ ಗೋಡೌನಿನಲ್ಲಿ ಲೆಕ್ಕ ನೋಡುವ ಕೆಲಸ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ. ರಾತ್ರಿ ಕಾಲು ಸೆಟೆದುಕೊಂಡರೆ ನಿದ್ದೆಯೇ ಇಲ್ಲ. ಬಂದವರೇ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. ಆಫೀಸಿನವರಿಗೆ ಕಾಯಿಲೆ ಗೊತ್ತಾ ಅಂತ ಕೇಳಿದೆ. "ಇಲ್ಲ ಮೇಡಂ, ಬೆನ್ನು ನೋವು ಅಂತ ಹೇಳಿದ್ದೀನಿ." ಆರು ವರ್ಷದಿಂದ ಬೆನ್ನು ನೋವು! ಊರಿನಲ್ಲಿರುವ ತಾಯಿಗೂ ಅದೇ, ಕನ್ನಡ ಕೂಟದ ಸ್ನೇಹಿತರಿಗೂ ಅದೇ.

ಹೆಂಡತಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಆಮೇಲೆ ತೊಡೆಯ ಮೇಲಿದ್ದ ಸೀರೆ ಅಂಗಡಿಯ ಕವರ್ ಬಿಚ್ಚಿದರು. ಒಳಗೆ ಆರು ವರ್ಷದ ರಿಪೋರ್ಟು, ಎಂಆರ್‌ಐ, ನರರೋಗ ತಜ್ಞರ ಚೀಟಿ, ತಾರೀಖಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಗಂಡ "ಅದೆಲ್ಲ ಯಾಕೆ, ಕಾರ್ಡ್ ಸಾಕಲ್ವಾ" ಅಂದರು. ಆಕೆ "ರೀ, ಸ್ವಲ್ಪ ಸುಮ್ನಿರಿ" ಅಂದರು. ಆ ಕವರಿನಲ್ಲೇ ಇತ್ತು ಕೇಸ್.

ಮುಚ್ಚಿಡುವವರ ಸಂಕಟ ನನಗೆ ಗೊತ್ತಿಲ್ಲ ಅಂತಲ್ಲ. ನಮ್ಮ ಭಾಷೆಯಲ್ಲಿ "ಗಾಂಜಾ ಗಿರಾಕಿ" ಅನ್ನುವುದು ಬೈಗುಳ. ಕಾಯಿಲೆ ಅಂದರೆ ಮಗಳ ಮದುವೆಗೆ ಅಡ್ಡಿ ಆಗುತ್ತದೆ ಅನ್ನುವ ಭಯ ಬೇರೆ. ಆದರೆ ಮಾಲೀಕರಿಗೆ ಕಾಯಿಲೆ ಗೊತ್ತೇ ಇರಲಿಲ್ಲ ಅಂದರೆ, ಕಾಯಿಲೆಗಾಗಿ ತೆಗೆದರು ಅಂತ ಸಾಬೀತು ಮಾಡುವುದು ತುಂಬಾ ಕಷ್ಟ. ಎಲ್ಲರಿಗೂ ಸಾರಿ ಹೇಳಬೇಕಿಲ್ಲ. ಎಚ್‌ಆರ್‌ಗೆ ಬರವಣಿಗೆಯಲ್ಲಿ ಹೇಳಿದರೆ ಸಾಕು. ಯಾವಾಗ, ಎಷ್ಟು ಹೇಳಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ, ಹಾಗಾಗಿ ಮೊದಲು ವಕೀಲರ ಹತ್ತಿರ ಮಾತಾಡಿ.

ಹಾಸನದವರಿಗೆ ಇನ್ನೊಂದು ಆಸರೆ ಇತ್ತು. 2019ರ ಜುಲೈನಲ್ಲಿ ನ್ಯೂಜೆರ್ಸಿ ತನ್ನ ಮೆಡಿಕಲ್ ಗಾಂಜಾ ಕಾನೂನಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ನೋಂದಾಯಿತ ರೋಗಿಯ ಟೆಸ್ಟ್ ಪಾಸಿಟಿವ್ ಬಂದರೆ ಕಂಪನಿ ಬರವಣಿಗೆಯಲ್ಲಿ ತಿಳಿಸಬೇಕು, ವಿವರಣೆ ಕೊಡುವ ಅವಕಾಶ ಇದೆ ಅಂತಲೂ ಹೇಳಬೇಕು. ಅದು ಕೈಗೆ ಬಂದ ಮೇಲೆ ನಿಮಗಿರುವುದು ಮೂರು ಕೆಲಸದ ದಿನ. ಮೂರೇ. ಅಷ್ಟರೊಳಗೆ ವೈದ್ಯಕೀಯ ಕಾರಣ ಕೊಡಬಹುದು, ಇಲ್ಲವೇ ಅದೇ ಸ್ಯಾಂಪಲನ್ನು ನಿಮ್ಮ ಖರ್ಚಿನಲ್ಲಿ ಮತ್ತೆ ಟೆಸ್ಟ್ ಮಾಡಿಸಿ ಅಂತ ಕೇಳಬಹುದು. ಕಾರ್ಡಿಗೆ ನಿಜವಾದ ಬೆಲೆ ಇರುವ ಜಾಗ ಇದು. ಡಾಕ್ಟರ ಪತ್ರದ ಜತೆ ಅದರ ಕಾಪಿ ಹೋಗಲಿ. ಇವರಿಗೆ ಅಂಥ ಪತ್ರವೇ ಬಂದಿರಲಿಲ್ಲ. ಸೂಪರ್‌ವೈಸರ್ ಫೋನ್ ಮಾಡಿ ಬರಬೇಡ ಅಂದಿದ್ದರು, ಅಷ್ಟೇ. ಕೊಡಬೇಕಾದ ಪತ್ರವನ್ನು ಕಂಪನಿ ಕೊಟ್ಟಿರಲಿಲ್ಲ, ಅದು ನಮಗೆ ಬಲ ಆಯಿತು.

ಬಂದದ್ದು ಇನ್ನೊಂದು ಕಾಗದ: ನಾಲ್ಕು ವಾರದ ಸಂಬಳ ತಗೊಳ್ಳಿ, ಮುಂದೆ ಯಾವ ಕೇಸೂ ಹಾಕುವುದಿಲ್ಲ ಅಂತ ಸಹಿ ಹಾಕಿ. ಸಹಿಯ ಜಾಗದಲ್ಲಿ ಅವರ ಹೆಸರಿನ ಮೊದಲ ಅಕ್ಷರ ಮೂಡಿತ್ತು. ಅಷ್ಟರಲ್ಲಿ ಹೆಂಡತಿ ಪೆನ್ನು ಕಿತ್ತುಕೊಂಡಿದ್ದರಂತೆ. ಆ ತಾಯಿಗೆ ನಾನು ಕೈ ಮುಗಿಯುತ್ತೇನೆ. ನಲವತ್ತು ದಾಟಿದವರು ವಯಸ್ಸಿನ ತಾರತಮ್ಯದ ವಿರುದ್ಧ ಕೇಸ್ ಹಾಕುವ ಹಕ್ಕನ್ನೂ ಬಿಟ್ಟುಕೊಡುವ ಇಂಥ ಕಾಗದಕ್ಕೆ ಯೋಚಿಸಲು ಕನಿಷ್ಠ 21 ದಿನ ಕೊಡಬೇಕು, ಸಹಿ ಹಾಕಿದ ಮೇಲೂ 7 ದಿನದೊಳಗೆ ಹಿಂದೆ ಸರಿಯಬಹುದು. ಇದು ಫೆಡರಲ್ ಕಾನೂನು. ತಾರತಮ್ಯದ ದೂರಿಗೂ ಗಡುವಿದೆ: ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆಗೆ 180 ದಿನ, ಕೋರ್ಟಿಗಾದರೆ 2 ವರ್ಷ.

ಕೇಸೇ ಇಲ್ಲ ಅಂತ ನಾನು ವಾಪಸ್ ಕಳಿಸುವವರೂ ಇದ್ದಾರೆ. ಕೆಲಸದ ಹೊತ್ತಿನಲ್ಲಿ ತಗೊಂಡವರು, ಊಟದ ಡಬ್ಬಿಯ ಜತೆ ಗಮ್ಮಿ (ಗಾಂಜಾ ಬೆರೆಸಿದ ಮಿಠಾಯಿ) ಇಟ್ಟುಕೊಂಡು ಆಫೀಸಿಗೆ ಹೋದವರು. ಇದಕ್ಕೆ ಯಾವ ಕಾನೂನೂ ರಕ್ಷಣೆ ಕೊಡುವುದಿಲ್ಲ. ದೊಡ್ಡ ಟ್ರಕ್ ಓಡಿಸುವವರಿಗೆ ಫೆಡರಲ್ ಸಾರಿಗೆ ನಿಯಮ ಅನ್ವಯಿಸುತ್ತದೆ, ಅಲ್ಲಿ ರಾಜ್ಯದ ಕಾರ್ಡ್ ನಡೆಯುವುದಿಲ್ಲ.

ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವವರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಒಂದು ಎಚ್ಚರಿಕೆ. ರಾಜ್ಯದಲ್ಲಿ ಒಪ್ಪಿಗೆ ಇದ್ದರೂ ಗಾಂಜಾ ಬಳಕೆ ಪೌರತ್ವದ ಅರ್ಜಿಗೆ ತೊಡಕಾಗಬಹುದು ಅಂತ ವಲಸೆ ಇಲಾಖೆ 2019ರಲ್ಲೇ ಲಿಖಿತವಾಗಿ ಹೇಳಿದೆ. ಕೆಲಸದ ಕೇಸಿನಲ್ಲಿ ನೀವು ಬರೆದುಕೊಡುವ ಪ್ರತಿಯೊಂದು ಸಾಲನ್ನೂ ಮುಂದೊಂದು ದಿನ ಅಲ್ಲಿ ಯಾರಾದರೂ ಓದಬಹುದು. ಎಚ್-1ಬಿಯವರಿಗೆ ಕೆಲಸ ಹೋದ ಮೇಲೆ ಈ ದೇಶದಲ್ಲಿ ಉಳಿಯೋಕೆ ಸಿಗುವುದು ಹೆಚ್ಚೆಂದರೆ 60 ದಿನ. ಹಾಗಾಗಿ ಇವರು ನನ್ನ ಹತ್ತಿರ ಬರುವ ಮೊದಲೇ, ಇಲ್ಲವೇ ಅದೇ ದಿನ, ವಲಸೆ ವಕೀಲರನ್ನೂ ನೋಡಬೇಕು. ಹಾಸನದವರು ಆ ಹೊತ್ತಿಗೆ ಇಲ್ಲಿನ ಪೌರರಾಗಿದ್ದರು, ಹಾಗಾಗಿ ಆ ಚಿಂತೆ ಇರಲಿಲ್ಲ.

ಅವರ ಕೇಸ್ ಕೋರ್ಟ್ ಮೆಟ್ಟಿಲು ಹತ್ತುವ ಮೊದಲೇ ಮುಗಿಯಿತು. ಹೇಗೆ ಮುಗಿಯಿತು ಅಂತ ನಾನು ಬರೆಯುವ ಹಾಗಿಲ್ಲ. ಕಳೆದ ಯುಗಾದಿ ಊಟದಲ್ಲಿ ಇಬ್ಬರೂ ಸಿಕ್ಕಿದ್ದರು. ಅವರು ಕೋಲು ಹಿಡಿದು ನಿಧಾನಕ್ಕೆ ಬಂದು ಪಂಕ್ತಿಯಲ್ಲಿ ಕೂತರು. ಪಕ್ಕದವರು ಏನಾಯಿತು ಅಂತ ಕೇಳಿದಾಗ ಕಾಯಿಲೆಯ ಪೂರ್ತಿ ಹೆಸರು ಹೇಳಿದರು. ಆಮೇಲೆ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು.